ಒಂದೇ ಗೋಡೆಯ ಎರಡು ಬಾಡಿಗೆ

ಶಿರಸಿಯ ಅಡಿಕೆ ಪೇಟೆಯಲ್ಲಿ ವೀರಪ್ಪನವರು ಬಾಯಿಬಿಟ್ಟು ಬೆಲೆ ಹೇಳಿದ್ದನ್ನು ಕೇಳಿದವರಿರಲಿಲ್ಲ. ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಹೆಗಲಿನ ಶಲ್ಯವನ್ನು ಎದುರಿನವನ ಕೈಮೇಲೆ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದರೆಂದರೆ ವ್ಯಾಪಾರ ಮುಗಿದಂತೆ. ಹಿಡಿದ ಬೆರಳುಗಳೇ ಬೆಲೆ. ಪಕ್ಕದಲ್ಲಿ ನಿಂತವನಿಗೂ ಗುಟ್ಟು ತಿಳಿಯದು. ಬನವಾಸಿಯ ಕಡೆಯಿಂದ ಬರಿಗೈಯಲ್ಲಿ ಬಂದು ಹೆಸರು ಮಾಡಿದ ಅವರು ತೂಕದಲ್ಲಿ ಎಂದೂ ಆಚೀಚೆ ಮಾಡಿದವರಲ್ಲ ಎಂಬುದನ್ನು ವೈರಿಗಳೂ ಒಪ್ಪುತ್ತಿದ್ದರು.

ಹಿತ್ತಲಿನ ಎರಡು ಬಾಡಿಗೆ ಮನೆಗಳ ವ್ಯವಹಾರವೂ ಆ ಶಲ್ಯದಡಿಯಲ್ಲಿಯೇ ಕುದುರಿತ್ತು. ಮನೆಗಳು ಅವಳಿ: ನಡುವೆ ಒಂದೇ ಗೋಡೆ, ಮುಂದೆ ಒಂದೇ ಬಾವಿ. ಒಂದರಲ್ಲಿ ಶಿವಮೊಗ್ಗೆಯಿಂದ ವರ್ಗವಾಗಿ ಬಂದ ಗುಮಾಸ್ತ ಪರಮೇಶ್ವರಪ್ಪ. ಇನ್ನೊಂದರಲ್ಲಿ ಲಾರಿ ಓಡಿಸುವ ಅಬ್ದುಲ್ ರಜಾಕ್, ಅವನ ಹೆಂಡತಿ ಚಾಂದ್ ಬಿ, ಮತ್ತು ಮಕ್ಕಳು. ಜಿಲ್ಲೆಯು ಮುಂಬಯಿಯ ಆಡಳಿತವನ್ನು ಕಳಚಿಕೊಂಡು ಮೈಸೂರು ರಾಜ್ಯವನ್ನು ಸೇರಿ ಎರಡು ವರ್ಷವಾಗಿತ್ತು. ಹೊಸ ಕಚೇರಿಗಳು ಬಂದವು, ನೌಕರರು ಬಂದರು, ಮನೆಗಳು ಮಾತ್ರ ಇದ್ದಷ್ಟೇ ಉಳಿದವು. ಬಾಡಿಗೆಯೆಂಬುದು ಸಿದ್ದಾಪುರದಲ್ಲಿ ಇನ್ನೂ ಮಲಗಿತ್ತು; ಯಲ್ಲಾಪುರದಲ್ಲಿ ಮರದ ನಾಟಾ ವ್ಯಾಪಾರದ ದೆಸೆಯಿಂದ ಮಗ್ಗುಲು ಬದಲಿಸಿತ್ತು; ಶಿರಸಿಯಲ್ಲಿ ಎದ್ದು ಓಡತೊಡಗಿತ್ತು.

ಒಂದು ಭಾನುವಾರ ಬೆಳಿಗ್ಗೆ ವೀರಪ್ಪನವರು ಹಿತ್ತಲಿಗೆ ಬಂದು ಶಲ್ಯ ಬಿಡಿಸಿದರು. “ಪ್ಯಾಟಿ ಏರೇದ, ರಜಾಕ. ಕೈ ಕೊಡು.”

ರಜಾಕ್ ಕೈ ಚಾಚಲಿಲ್ಲ. “ಕೈ ಯಾಕೆ ಸಾವ್ಕಾರ್ರೇ? ಬಾಯಲ್ಲೇ ಹೇಳಿ.”

“ಬೆಲೆ ಬಾಯಾಗ ಆಡಬಾರದಪ್ಪ. ಮನೀನೂ ಮಾಲೇ. ನಿನಗ ಬ್ಯಾಡಾದ್ರ ಒಬ್ಬ ಮಾಸ್ತರ ಕಾಯಕೋತ ಕುಂತಾನ. ಹಂಚು, ಸುಣ್ಣ, ಪುರಸಭೆ ಕರಪಟ್ಟಿ, ಯಾವುದು ಏರಿಲ್ಲ ಹೇಳು?”

“ಏರಿದ್ದು ಸುಳ್ಳಲ್ಲ. ಆದ್ರೆ ದರ ಒಗ್ಗದಿದ್ರೆ ಅಡಿಕೆಯವ ಮೂಟೆ ತಿರುಗಿ ಗಾಡಿಗೆ ಹಾಕ್ತಾನೆ. ನಾನು ಮಕ್ಕಳನ್ನ ಎಲ್ಲಿಗೆ ಹಾಕ್ಲಿ? ಊರೆಲ್ಲ ತಿರುಗಿ ಬಂದೆ. ಮೊದಲು ಮನೆ ಖಾಲಿ ಇರ್ತದೆ. ನನ್ನ ಹೆಸರು ಕೇಳಿದ ಕೂಡ್ಲೇ ತುಂಬಿ ಹೋಗ್ತದೆ.” ರಜಾಕ್ ನಕ್ಕನಾದರೂ ಕಣ್ಣು ನಗಲಿಲ್ಲ. “ಎಷ್ಟು ಅಂತ ಹೇಳಿಬಿಡಿ. ಎಲ್ಲರೂ ಕೇಳ್ಲಿ.”

ಬಾವಿಕಟ್ಟೆಯಲ್ಲಿ ಪರಮೇಶ್ವರಪ್ಪನು ಹಗ್ಗ ಹಿಡಿದವನು ಹಾಗೆಯೇ ನಿಂತ. ಚಾಂದ್ ಬಿ ಬಾಗಿಲಿಗೆ ಬಂದಳು. ವೀರಪ್ಪನವರು ಬಾಯಿ ತೆರೆದರು. ಬೆರಳಿನಲ್ಲಿ ನೂರು ಸಲ ಸಲೀಸಾಗಿ ಒತ್ತಬಹುದಾದ ‘ಇಪ್ಪತ್ತೆಂಟು ರೂಪಾಯಿ’ ಗಂಟಲಿನಲ್ಲಿ ಅಡ್ಡ ಮಲಗಿಬಿಟ್ಟಿತು. ಹಗಲು ಬೆಳಕಿನಲ್ಲಿ, ಎಲ್ಲರೆದುರು, ಅದು ಹೊರಬರಲೊಲ್ಲದು.

ಪರಮೇಶ್ವರಪ್ಪನಿಗೆ ತನ್ನದೇ ದಿಗಿಲು. “ಸ್ವಾಮೀ, ನನ್ನದನ್ನೂ ಏರಿಸ್ತೀರೋ ಹೇಗೆ? ಹದಿನೈದರ ಮೇಲೆ ನನ್ನ ಕೈಲಾಗೋದಿಲ್ಲ, ಈಗಲೇ ಹೇಳಿಬಿಟ್ಟೆ!”

“ಹದಿನೈದಾ?” ಎಂದಳು ಚಾಂದ್ ಬಿ. ನಡುಗೋಡೆಯನ್ನು ಅಂಗೈಯಿಂದ ಮೆಲ್ಲನೆ ತಟ್ಟಿದಳು. “ಆ ಬದಿ ಹದಿನೈದು, ಈ ಬದಿ ಇಪ್ಪತ್ತೆರಡು. ನಮ್ಮ ಬದಿಗೆ ಬಂಗಾರ ಮೆತ್ತಿದ್ದೀರಾ, ಸಾವ್ಕಾರ್ರೇ?”

ರಜಾಕ್ ಸಿಟ್ಟಾಗಲಿಲ್ಲ. “ಯಲ್ಲಾಪುರದಲ್ಲಿ ನನ್ನ ಭಾವ ಒಂದು ಕೋಣೆ ಕೊಡ್ತೇನೆ ಅಂದಾನೆ. ನಾಳೆ ಬೆಳಿಗ್ಗೆ ಖಾಲಿ ಮಾಡ್ತೇನೆ,” ಎಂದಷ್ಟೇ ಹೇಳಿದ.

ಮಧ್ಯಾಹ್ನ ಊಟಕ್ಕೆ ಕುಳಿತ ವೀರಪ್ಪನವರ ತಟ್ಟೆಗೆ ರೊಟ್ಟಿ ಹಾಕುತ್ತ, ಹಿತ್ತಲಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಅನ್ನಪೂರ್ಣವ್ವ ಕೇಳಿದರು: “ಅಲ್ರೀ, ಗಿರಾಕಿಗೆ ಬ್ಯಾರೆ ಅಂಗಡಿ ಇಲ್ಲಂತ ತಿಳಕೊಂಡು ಅವಗಷ್ಟ ದರ ಏರಿಸಿದಾಂವಗ ನಿಮ್ಮ ಪ್ಯಾಟ್ಯಾಗ ಏನಂತಾರ?”

“ಲುಚ್ಚಾ ಅಂತಾರ,” ಎಂದು ತಟ್ಟನೆ ಅಂದ ವೀರಪ್ಪನವರು ತುತ್ತನ್ನು ಬಾಯಿಗೆ ಒಯ್ಯದೆ ಹೆಂಡತಿಯ ಮುಖ ನೋಡಿದರು. ಆಕೆ ಪಲ್ಯ ತರಲು ಒಳಗೆ ಹೋದರು. ತೂಕದಲ್ಲಿ ಮೋಸ ಮಾಡದವನೆಂಬ ಹೆಮ್ಮೆಯನ್ನು ಮೂವತ್ತು ವರ್ಷ ಹೊತ್ತು ತಿರುಗಿದ ಮನುಷ್ಯನಿಗೆ, ತಕ್ಕಡಿಯಿಲ್ಲದೆಯೂ ತೂಕ ತಪ್ಪಬಹುದೆಂಬುದು ಅಂದು ಮನದಟ್ಟಾಯಿತು.

ಮರುದಿನ ಬೆಳಿಗ್ಗೆ ಹಿತ್ತಲ ಓಣಿಯಲ್ಲಿ ಲಾರಿ ನಿಂತಿತ್ತು. ಟ್ರಂಕು, ಹಾಸಿಗೆಯ ಸುರುಳಿ, ಕೋಳಿಬುಟ್ಟಿ, ಒರಳುಕಲ್ಲು, ಎಲ್ಲವೂ ಏರಿದ್ದವು. ಚಾಂದ್ ಬಿ ಬರಿದಾದ ಒಲೆಯ ಬೂದಿ ಗುಡಿಸುತ್ತಿದ್ದಳು.

ವೀರಪ್ಪನವರು ಬಾವಿಕಟ್ಟೆಯ ಬಳಿ ನಿಂತು ಕೆಮ್ಮಿದರು. ಆಮೇಲೆ ಓಣಿಯ ತುದಿಗೂ ಕೇಳಿಸುವಂತೆ ಕೂಗಿದರು: “ಎರಡೂ ಮನೀಗೆ ಹದಿನೆಂಟು! ಎರಡು ವರ್ಷ ಏರಸೂದಿಲ್ಲ. ರಜಾಕ ಇಷ್ಟು ದಿನ ಹೆಚ್ಚಿಗೆ ಕೊಟ್ಟದ್ದನ್ನ ಮುಂದಿನ ಬಾಡಿಗ್ಯಾಗ ಮುರಕೊಳ್ಳಲಿ.”

ಪರಮೇಶ್ವರಪ್ಪನು ಹಲ್ಲುಪುಡಿಯ ಬಾಯಲ್ಲೇ ಹೊರಗೆ ಓಡಿಬಂದ. “ಮೂರು ರೂಪಾಯಿ ನನ್ನ ತಲೆಗೆ ಕಟ್ಟಿದಿರಾ? ಇದ್ಯಾವ ನ್ಯಾಯ ಸ್ವಾಮೀ?”

“ಬ್ಯಾಡಾದ್ರ ಸಿದ್ದಾಪುರಕ್ಕೆ ಹೋಗ್ರಿ, ಅಲ್ಲಿ ಸೋವಿ. ದಿನಾ ಬಸ್ಸಿನ್ಯಾಗ ಬರ್ರಿ ಕಚೇರಿಗೆ.”

ಗುಮಾಸ್ತನು ಮನಸ್ಸಿನಲ್ಲಿಯೇ ಬಸ್ಸಿನ ಲೆಕ್ಕ ಹಾಕಿ, ಬಾಯಿ ಮುಕ್ಕಳಿಸಲು ಹೊರಟುಹೋದ.

ರಜಾಕ್ ಹೆಂಡತಿಯತ್ತ ನೋಡಿದ. ಚಾಂದ್ ಬಿ ಪೊರಕೆ ಹಿಡಿದೇ ಬಾಗಿಲಿಗೆ ಬಂದಳು. “ಕೋಳಿ ಬುಟ್ಟೀಲಿ ಉಸಿರು ಕಟ್ಟಿ ಸಾಯ್ತವೆ. ಮೊದಲು ಅವನ್ನ ಇಳಿಸಿ,” ಎಂದಳು.

ಒರಳುಕಲ್ಲು ಒಬ್ಬನಿಂದ ಇಳಿಯುವಂಥದಲ್ಲ. ವೀರಪ್ಪನವರು ಧೋತರ ಎತ್ತಿ ಕಟ್ಟಿ ಇನ್ನೊಂದು ಬದಿಗೆ ಕೈ ಕೊಟ್ಟರು. ಏದುಸಿರು ಬಿಡುತ್ತ, ಹೆಜ್ಜೆ ಹೆಜ್ಜೆಗೂ “ಶಿವ ಶಿವಾ” ಎನ್ನುತ್ತ, ರಜಾಕನೊಡನೆ ಅದನ್ನು ಹೊತ್ತು ತಂದು, ತಾವೇ ಕಟ್ಟಿಸಿದ ಮನೆಯ ಹೊಸ್ತಿಲಿನ ಹೊರಗೆ ನಿಂತರು.

“ಎಲ್ಲಿ ಇಡೂಣವ್ವಾ?” ಎಂದು ಕೇಳಿದರು.

“ಒಳಗೆ ಬರ್ರಿ. ಅಲ್ಲಲ್ಲ, ಕಿಟಕಿ ಹತ್ರ ಬೇಡ. ಇನ್ನೂ ಸ್ವಲ್ಪ ಆಚೆ... ಹಾಂ, ಅಲ್ಲೇ,” ಎಂದು ಚಾಂದ್ ಬಿ ಪೊರಕೆಯಿಂದ ಜಾಗ ತೋರಿಸಿದಳು. ಅವಳು ಹೇಳಿದ ಜಾಗದಲ್ಲಿಯೇ ವೀರಪ್ಪನವರು ಕಲ್ಲನ್ನು ಇಳಿಸಿದರು.