ಸೊಂಟದೆತ್ತರದ ಸೂರು

ಸೋದರತ್ತೆ ದೊಡ್ಡಮುನಿಯಮ್ಮ ಸಾಯುತ್ತಿದ್ದಾಳೆ ಎಂಬ ಕಾರಣಕ್ಕೆ ನನ್ನ ಮದುವೆ ನಿಶ್ಚಯವಾಯಿತು. ನನಗಾಗ ಹದಿನೈದು. "ನಾನ್ ಕಣ್ಮುಚ್ಚೋದ್ರೊಳಗೆ ನಿನ್ ಮಗ್ಳು ಕಲಾನ ನನ್ ಬಾಲಾಜಿಗೆ ಕೊಟ್ಬುಡಪ್ಪ" ಎಂದು ಆಸ್ಪತ್ರೆ ಮಂಚದ ಮೇಲಿಂದ ನಮ್ಮಪ್ಪ ಕದಿರಪ್ಪನ ಕೈ ಹಿಡಿದಳಂತೆ. ಅಪ್ಪ ಹೂಂ ಎಂದ. ಅಕ್ಕನಿಗೆ ಕೊಟ್ಟ ಮಾತು ಅವನಿಗೆ ದೊಡ್ಡದು. ಹತ್ತನೇ ಕ್ಲಾಸಿಗೆಂದು ನಾನು ಬೈಂಡು ಹಾಕಿಟ್ಟ ಪುಸ್ತಕಗಳು ಅಷ್ಟು ದೊಡ್ಡವಲ್ಲ.

ಅಮ್ಮ ಸುಮ್ಮನೆ ಕೂರಲಿಲ್ಲ, ದೂರು ಕೊಟ್ಟಳು. ಅಧಿಕಾರಿಗಳು ಬೇತಮಂಗಲದ ಹತ್ತಿರದ ನಮ್ಮೂರಿಗೆ ಬಂದರು. ಅಪ್ಪ ತಲೆ ತಗ್ಗಿಸಿ ಮುಚ್ಚಳಿಕೆಗೆ ಸಹಿ ಹಾಕಿ, ಅವರಿಗೆ ಕಾಫಿ ಕುಡಿಸಿ ಕಳಿಸಿದ. ಜೀಪು ಊರು ದಾಟುವಷ್ಟರಲ್ಲಿ ಮದುವೆ ಆಂಧ್ರದ ಗಡಿಯಾಚೆಯ ಒಂದು ಗುಡಿಗೆ ಬದಲಾಗಿತ್ತು, ಅಮ್ಮನ ಫೋನು ಬಾವಿಯಲ್ಲಿತ್ತು.

"ಇನ್ನೊಂದ್ ಕಿತ ದೂರು ಕೊಡಾಕೆ ಓದ್ರೆ ಅವ್ರು ಬರೋಷ್ಟ್ರಲ್ಲಿ ತಾಳಿ ಬಿದ್ದಿರ್ತೈತೆ" ಎಂದಳು ಅಮ್ಮ. ಮುಹೂರ್ತ ಶುಕ್ರವಾರ ಬೆಳಿಗ್ಗೆ. ಆಷಾಢಕ್ಕೆ ಮುಂಚೆ ಅದೇ ಕೊನೆಯದು. ಆಷಾಢ ಕಳೆಯುವ ತನಕ ಕಾಯುವುದಿಲ್ಲ, ಬೇರೆ ಹುಡುಗಿ ನೋಡುತ್ತೇವೆ ಎಂದು ಅತ್ತೆಯ ಕಡೆಯವರು ಮೊದಲೇ ಹೇಳಿದ್ದರು. ಅಂದರೆ ಶುಕ್ರವಾರದ ಬೆಳಗೊಂದು ದಾಟಿದರೆ ನಾನು ಉಳಿದೆ. ಆಮೇಲೆ ಹಾಸ್ಟೆಲು, ಶಾಲೆ, ಅದೆಲ್ಲ ಅಮ್ಮನ ಮನಸ್ಸಿನಲ್ಲಿ ಆಗಲೇ ತಯಾರಾಗಿತ್ತು.

ನೆಂಟರ ಮನೆಗೆ ಹೋಗುವಂತಿಲ್ಲ, ಮೊದಲು ಹುಡುಕುವುದೇ ಅಲ್ಲಿ. ಅಮ್ಮನ ತವರು ಕೋರಮಂಡಲ್, ಚಿನ್ನದ ಗಣಿಯ ಊರು. ಅವಳು ಚಿಕ್ಕವಳಿದ್ದಾಗ ಅಲ್ಲಿನ ಗಣಿಮಣ್ಣಿನ ದಿಬ್ಬಗಳ ಹಿಂದೆ ಸೀಮೆಜಾಲಿ ಸೌದೆ ಕಡಿಯುತ್ತಿದ್ದಳು. ಗಾರ್ಡಿನ ಕಣ್ಣು ತಪ್ಪಿಸಿ ಸೌದೆಯ ಜೊತೆ ತನ್ನನ್ನೂ ಬಚ್ಚಿಟ್ಟುಕೊಳ್ಳುವುದು ಅವಳಿಗೆ ಅಭ್ಯಾಸ. ಬುಧವಾರ ಎಲ್ಲರೂ ನೋಡುವ ಹಾಗೆ ಬಂಗಾರಪೇಟೆಯ ಬಸ್ಸು ಹತ್ತಿದೆವು. ಬೆಂಗಳೂರಿಗೆ ಓಡಿದರು ಎಂದು ಊರು ಮಾತಾಡಿಕೊಳ್ಳಲಿ ಎಂದು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೋರಮಂಡಲ್‌ನಲ್ಲಿ ಇಳಿದೆವು. ಅಪ್ಪನಿಗೆ ನಾಮ ಹಾಕಿದೆವು ಎಂದು ನಾನು ರೈಲಿನಲ್ಲಿ ನಕ್ಕೆ. ಅಮ್ಮ ನಗಲಿಲ್ಲ.

ಸಾಮಾನು ಹೆಚ್ಚಿರಲಿಲ್ಲ. ಎರಡು ಕ್ಯಾನು ನೀರು, ರಾಗಿ ಹುರಿಹಿಟ್ಟು, ಬೆಲ್ಲ, ಒಂದು ದುಪ್ಪಟಿ, ಒಂದೆರಡು ಗೋಣಿಚೀಲ, ಟೊಮೆಟೊ ಲಾರಿಗೆ ಹೊದಿಸುವ ನೀಲಿ ಟಾರ್ಪಾಲಿನ ತುಂಡು. ಗಣಿ ಕೂಲಿಗಳ ಹಳೇ ಲೈನುಮನೆಯೊಂದರ ಮುರಿದ ಗೋಡೆಗೂ ಜಾಲಿ ಪೊದೆಗೂ ನಡುವೆ ಒಂದು ತಗ್ಗಿತ್ತು. ಅಮ್ಮ ಟಾರ್ಪಾಲನ್ನು ಸೊಂಟದೆತ್ತರಕ್ಕೆ ಮಾತ್ರ ಕಟ್ಟಿದಳು. ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ದಿಬ್ಬದ ಬೂದು ಮಣ್ಣು ಎರಚಿ, ಜಾಲಿ ಕೊಂಬೆ ಹೊದಿಸಿದಳು. ಹತ್ತು ಹೆಜ್ಜೆ ಆಚೆಯಿಂದ ನೋಡಿದರೆ ನನಗೇ ಕಾಣಲಿಲ್ಲ.

"ಒಲೆ ಅಚ್ಚಂಗಿಲ್ಲ. ಕೆಮ್ಮು ಬಂದ್ರೆ ಸೆರಗು ಬಾಯಿಗಿಟ್ಕೋ. ಬಳೆ ತೆಗಿ" ಎಂದಳು. ತನ್ನ ಗಾಜಿನ ಬಳೆಗಳಿಗೆ ಬಟ್ಟೆ ಸುತ್ತಿಕೊಂಡಳು. ಆಮೇಲೆ ಹೊರಗೆ ಚಪ್ಪಲಿ ಬಿಟ್ಟು ಇಬ್ಬರೂ ತೆವಳಿಕೊಂಡು ಒಳಗೆ ಹೋದೆವು. ಗಾಳಿ ಎದ್ದರೆ ದಿಬ್ಬದ ಧೂಳು ಹುರಿಹಿಟ್ಟಿನೊಳಗೇ ಬೀಳುತ್ತಿತ್ತು. ಅದನ್ನೇ ಬೆಲ್ಲದ ನೀರಿನಲ್ಲಿ ಕಲಸಿ ತಿಂದೆವು. ಗುರುವಾರವೆಲ್ಲ ಅಮ್ಮ ನನ್ನ ಕೈಲಿ ಪಿಸುದನಿಯಲ್ಲಿ ಕನ್ನಡ ಪದ್ಯಗಳನ್ನು ಹೇಳಿಸಿದಳು. ಅವಳಿಗೆ ಓದಲು ಬಾರದು. ನಾನು ತಪ್ಪು ಹೇಳಿದ್ದಕ್ಕೂ ತಲೆಯಾಡಿಸುತ್ತಿದ್ದಳು.

ಶುಕ್ರವಾರ ಬೆಳಕು ಹರಿಯಿತು. ಇನ್ನೇನು ಗೆದ್ದೆವು ಎಂದುಕೊಂಡೆ. ಆಗ ಮಾತು ಕೇಳಿಸಿತು.

ಅಪ್ಪನಿಗೆ ಕೊನೆಗೂ ಹೆಂಡತಿಯ ಸೌದೆ ಕಾಲದ ನೆನಪು ಬಂದಿತ್ತು. ಜೊತೆಗೆ ಬಾಲಾಜಿ. ನನಗಿಂತ ಹನ್ನೊಂದು ವರ್ಷ ದೊಡ್ಡ ಗಂಡು. ಟಾರ್ಪಾಲಿನ ಅಂಚಿನಿಂದ ಅವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಅಮ್ಮ ನನ್ನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಇಲ್ಯಾರೂ ಇಲ್ಲ ಮಾಮ. ಬರೀ ಮುಳ್ಳು" ಎಂದ ಬಾಲಾಜಿ.

"ಊಂ. ನಡೀಲಾ, ಉರಿಗಾಂ ಕಡೆ ನೋಡಾನ" ಎಂದ ಅಪ್ಪ.

ಕಾಲುಗಳು ದಾಟಿ ಹೋದವು. ಅಮ್ಮನ ಕೈ ಸಡಿಲವಾಯಿತು. ಅಷ್ಟರಲ್ಲಿ ಒಂದು ಜೊತೆ ಕಾಲು ನಿಂತಿತು. ನಿಧಾನವಾಗಿ ಹಿಂದಕ್ಕೆ ಬಂತು.

ಚಪ್ಪಲಿ! ಬೆಂಕಿ ಹಚ್ಚಲಿಲ್ಲ, ಬಳೆ ಸದ್ದು ಮಾಡಲಿಲ್ಲ, ಕೆಮ್ಮನ್ನು ನುಂಗಿದೆವು. ಆದರೆ ಹೊರಗೆ, ಬಾಗಿಲೆಂಬುದೇ ಇಲ್ಲದ ಆ ಬಾಗಿಲಲ್ಲಿ, ಅಮ್ಮನ ಸವೆದ ಚಪ್ಪಲಿ, ನನ್ನ ಹಸಿರು ಪಟ್ಟಿಯ ಚಪ್ಪಲಿ, ಹಬ್ಬಕ್ಕೆ ಬಂದ ನೆಂಟರ ಚಪ್ಪಲಿಗಳಂತೆ ಜೋಡಿಜೋಡಿಯಾಗಿ ಕೂತಿದ್ದವು. ಊಟ ಮಾಡಿ ಮಲಗುವ ಜಾಗಕ್ಕೆ ಚಪ್ಪಲಿ ತರಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಅಪ್ಪ ಕೊಂಬೆ ಸರಿಸಿದ. ಬಗ್ಗಿದ. ಆಮೇಲೆ ತನ್ನ ಚಪ್ಪಲಿಗಳನ್ನೂ ಕಳಚಿ ನಮ್ಮವುಗಳ ಪಕ್ಕದಲ್ಲಿ ಬಿಟ್ಟು, ಮಂಡಿಯೂರಿ ಒಳಗೆ ಬಂದ.

ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಕೂಗುತ್ತಿದ್ದೆನೇನೋ. ಟಾರ್ಪಾಲಿಗೆ ತಲೆ ತಾಗಿಸಿಕೊಂಡು ಕೂತು, ಹುರಿಹಿಟ್ಟಿನ ಡಬ್ಬಿಯನ್ನು ನೋಡಿ, "ಇದೇನಾ ತಿಂದಿದ್ದು?" ಎಂದ. ಅವನ ಕಣ್ಣಲ್ಲಿ ನೀರಿತ್ತು. "ಎದ್ದೇಳಮ್ಮ, ಟೈಮಾಯ್ತು."

"ನಿಮ್ ದಮ್ಮಯ್ಯ ಅಂತೀನಿ. ಈ ಒತ್ತು ಒಂದು ದಾಟೋಗ್ಲಿ" ಎಂದು ಅಮ್ಮ ಅವನ ಕಾಲು ಹಿಡಿದಳು. ಅವನು ಒಂದೊಂದೇ ಬೆರಳು ಬಿಡಿಸಿಕೊಂಡ. ಹೊರಗೆ ಬಾಲಾಜಿ ಫೋನಿನಲ್ಲಿ "ಸಿಕ್ಕಿದ್ರು, ಕಾರು ಕಳ್ಸಿ" ಎನ್ನುತ್ತಿದ್ದ. ಅಪ್ಪ ನನ್ನ ರಟ್ಟೆ ಹಿಡಿದು ಹೊರಗೆಳೆದು ನಿಲ್ಲಿಸಿದ. ಬಗ್ಗಿ, ನನ್ನ ಹಸಿರು ಚಪ್ಪಲಿಗಳನ್ನು ಪಾದದ ಮುಂದಿಟ್ಟ.

"ಆಕ್ಕೊಳಮ್ಮ. ಜಾಲಿಮುಳ್ಳು ಚುಚ್ತವೆ."

ಹಾಕಿಕೊಂಡೆ. ಮುಹೂರ್ತಕ್ಕೆ ಮುಂಚೆಯೇ ಗುಡಿ ತಲುಪಿದೆವು.

ಸಾಯುತ್ತಿದ್ದ ಅತ್ತೆ ಇನ್ನೂ ಗುಂಡುಕಲ್ಲಿನ ಹಾಗಿದ್ದಾಳೆ. ದಿನಾ ನನ್ನನ್ನು ಬೈಯುವಷ್ಟು ಉಸಿರು ಅವಳಿಗಿದೆ. ಅಮ್ಮ ಆಗೀಗ ಬರುತ್ತಾಳೆ. ಬಾಗಿಲಲ್ಲಿ ಚಪ್ಪಲಿ ಕಳಚಲು ಬಗ್ಗಿದವಳು ಹಾಗೇ ಸ್ವಲ್ಪ ಹೊತ್ತು ನಿಂತುಬಿಡುತ್ತಾಳೆ.

ನನ್ನ ಮಗಳಿಗೆ ಈಗ ಮೂರು ವರ್ಷ. ಹೊರಗಿಂದ ಬಂದರೆ ಚಪ್ಪಲಿ ಕಳಚಿ ಎದೆಗವುಚಿಕೊಂಡು ಒಳಗೆ ತಂದು, ತನ್ನ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ. "ಥೂ, ಮೂದೇವಿ, ಮಗೀಗೆ ಏನ್ ಕಲ್ಸಿದ್ಯೇ!" ಎಂದು ಅತ್ತೆ ಕೂಗಾಡುತ್ತಾಳೆ. ಕೂಗಾಡಲಿ. ಕಲಿಸಿದ್ದು ನಾನೇ.