ತಾತನ ಕೈತುತ್ತು, ಬುರುಲ್‌ಳ ಹಲ್ಲು

ಬುರುಲ್‌ಗೆ ಆವತ್ತು ಬೇಕಾಗಿದ್ದದ್ದು ಎರಡೇ: ಶಾರ್ಶೆನ್ ತಾತನ ಕಂದು ಕುದುರೆ ಸಿಗಬೇಕು, ತನ್ನ ಬಲದವಡೆಯನ್ನು ಯಾರೂ ಮುಟ್ಟಬಾರದು.

ಹಿಂದಿನ ದಿನವಷ್ಟೇ ನರಿನ್ ಪಟ್ಟಣದ ಹಲ್ಲಿನ ಡಾಕ್ಟರಮ್ಮ ಅವಳಿಗೆ ರೂಟ್ ಕೆನಾಲ್ ಮಾಡಿ, "ಎರಡ್ಮೂರು ದಿನ ಕಚ್ಚಿದ್ರೆ ನೋಯುತ್ತೆ ಪುಟ್ಟಿ, ಹೆದರ್ಬೇಡ. ಆ ಕಡೆ ಮಾತ್ರ ಅಗೀಬೇಡ" ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಕಟ್ಟಿದವರಿಗೆ ಈ ಹುಡುಗಿಯ ಪರಿಚಯವಿದ್ದಿರಬೇಕು. ಯಾಕೆಂದರೆ ಮಾರನೆಯ ದಿನವೇ ತಾತ ಊಟಕ್ಕೆ ಬರುವವರಿದ್ದರು. ಊಟವಾದ ಮೇಲೆ, ಈ ಸಲದ ಓಟದಲ್ಲಿ ತಮ್ಮ ಕುದುರೆಯನ್ನು ಹದಿನೈದರ ಬುರುಲ್ ಓಡಿಸಬೇಕೋ ಅವಳದೇ ವಯಸ್ಸಿನ ಚಿಕ್ಕಪ್ಪನ ಮಗ ಎಲ್ದಿಯಾರ್ ಓಡಿಸಬೇಕೋ ಎಂದು ಹೇಳುವವರಿದ್ದರು. ನೋವು ಎಂದವರನ್ನು ತಾತ ಲಾಯದ ಹತ್ತಿರಕ್ಕೂ ಸೇರಿಸುವುದಿಲ್ಲ ಎಂಬುದು ಊರಿನ ನಂಬಿಕೆ. ಹೋದ ವರ್ಷ ಮಂಡಿನೋವು ಎಂದ ಹುಡುಗ ಈಗಲೂ ಕುರಿ ಕಾಯುತ್ತಿದ್ದಾನೆ. ಹಾಗಾಗಿ ಹಲ್ಲಿನ ಸುದ್ದಿ ಎತ್ತಬಾರದೆಂದು ಅಮ್ಮನಿಂದ ಆಣೆ ಹಾಕಿಸಿಕೊಂಡಾಗಿತ್ತು.

ನಿಜವಾದ ಗಂಡಾಂತರ ಬೇರೆಯೇ ಇತ್ತು. ಬೆಶ್‌ಬರ್ಮಕ್ ಎಂಬ ಮಾಂಸದೂಟದ ಕೊನೆಗೆ ಹಿರಿಯರು ಮಾಂಸ, ಕೊಬ್ಬು, ಶಾವಿಗೆ ಎಲ್ಲವನ್ನೂ ಅಂಗೈತುಂಬ ಹಿಡಿದು ಮಕ್ಕಳ ಬಾಯಿಗೆ ತುರುಕುತ್ತಾರೆ. ಬೇಡ ಎನ್ನುವ ಹಾಗಿಲ್ಲ. ತಾತನ ಅಂಗೈಯೋ ಮೊರದಷ್ಟು ಅಗಲ. ಅವರ ಬಲಕ್ಕೆ ಕೂತರೆ ತುತ್ತು ಎಡಕೆನ್ನೆಗೆ ಬರುತ್ತದೆ, ಎಡಕ್ಕೆ ಕೂತರೆ ಸತ್ತೆ ಎಂದು ಬುರುಲ್ ಲೆಕ್ಕ ಹಾಕಿದ್ದಳು. ಹೋಗಿ ನೋಡಿದರೆ ಬಲಗಡೆ ಎಲ್ದಿಯಾರ್ ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಏಳೋ, ಅದು ನನ್ ಜಾಗ."

"ಹೆಸ್ರು ಬರ್ಸಿದೀಯೇನೇ?"

"ನಿನ್ ಕಾಲ್ ಹಿಡ್ಕೊತೀನಿ ಕಣೋ."

"ಹಿಡ್ಕೊ" ಎಂದು ಕಾಲು ನೀಡಿಯೇಬಿಟ್ಟ ಪುಣ್ಯಾತ್ಮ.

ಎಡಗಡೆಯೇ ಗತಿಯಾಯಿತು. ಊಟದುದ್ದಕ್ಕೂ ಬುರುಲ್ ಕಿಸಿಕಿಸಿ ನಗುತ್ತಲೇ ಇದ್ದಳು. ನಗದಿದ್ದರೆ ಅತ್ತುಬಿಡುತ್ತಿದ್ದಳು. ಕೊನೆಗೆ ತಾತ ತಟ್ಟೆಗೆ ಕೈಹಾಕಿ, "ಮೊದ್ಲು ನೀನು, ಆ ಅನ್ನು" ಎಂದು ಇವಳ ಕಡೆಗೇ ತಿರುಗಿದರು. ಕೈತುತ್ತು ನೇರವಾಗಿ ಬಲದವಡೆಗೆ ಹೋಗಿ ಕೂತಿತು. ಹಗಲಲ್ಲೇ ನಕ್ಷತ್ರ ಕಂಡವು. ದವಡೆ ತಾನಾಗಿಯೇ ಗಪ್ಪನೆ ಮುಚ್ಚಿಕೊಂಡಿತು, ತಾತನ ಬೆರಳುಗಳ ಸಮೇತ.

"ಅಯ್ಯಯ್ಯೋ! ಕಚ್ಚಿದ್ಳಲ್ರೋ ಹುಡ್ಗಿ!"

ಬಾಯಲ್ಲಿದ್ದದ್ದನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ. ಕುದುರೆ ಕೈತಪ್ಪಿತು ಎಂದುಕೊಂಡಳು ಬುರುಲ್. ಹೇಗೋ ನುಂಗಿಕೊಂಡು, "ಹಲ್ಲು ತಾತ... ನಿನ್ನೆ ನರ ತೆಗೆಸ್ಕೊಂಡ್ ಬಂದೆ" ಎಂದಳು.

"ನರ ತೆಗೆದ್ಮೇಲೂ ನೋಯುತ್ತಾ?"

"ನರ ಹೋಯ್ತು ತಾತ. ನೋವು ಇನ್ನೆರಡು ದಿನ ಇದ್ದು ಹೋಗುತ್ತಂತೆ."

"ನಮ್ ಬೀಗರ ಥರ!" ಎಂದರು ತಾತ. ಮನೆಯೆಲ್ಲ ಗೊಳ್ಳೆಂದಿತು. ಅವರು ಕಚ್ಚಿಸಿಕೊಂಡ ಕೈಯಲ್ಲೇ ಬುರುಲ್‌ಳ ತುಟಿ ಎತ್ತಿ, ಸಂತೆಯಲ್ಲಿ ಕುದುರೆ ನೋಡುವವರಂತೆ ಒಂದೊಂದೇ ಹಲ್ಲು ನೋಡಿದರು. "ಇದಾ?"

"ಆಆಆ!"

"ಇದೇ."

ಎಲ್ದಿಯಾರ್‌ಗೆ ತಡೆಯಲಾಗಲಿಲ್ಲ. "ತಾತ, ನನ್ ಹಲ್ಲೆಲ್ಲ ಗಟ್ಟಿ! ಮೂಳೆ ಕೊಟ್ರೂ ಪುಡಿ ಮಾಡ್ತೀನಿ!"

"ಸಂತೋಷ" ಎಂದ ತಾತ ಬುರುಲ್‌ಳತ್ತಲೇ ನೋಡುತ್ತಿದ್ದರು. "ನನ್ ಕುದ್ರೆ ಬಾಯಿ ಬಲು ನಾಜೂಕು ಕಣಮ್ಮ. ಹತ್ತಿದೋರೆಲ್ಲ ಲಗಾಮು ಜಗ್ಗಿ ಜಗ್ಗಿ ಹುಣ್ಣು ಮಾಡಿದಾರೆ. ಬಾಯಿನೋವು ಏನಂತ ಗೊತ್ತಿರೋಳು ಜಗ್ಗಲ್ಲ. ಈ ಹಲ್ಲು ಸುಮ್ನಾಗ್ಲಿ, ಬಂದು ಹತ್ತು."

ಬುರುಲ್ ಎದ್ದು ಕುಣಿದಳು. ಕುಣಿದದ್ದಕ್ಕೆ ಹಲ್ಲು ಚಳಕ್ಕೆಂದಿತು, ಅದಕ್ಕೂ ನಗು ಬಂತು, ನಕ್ಕದ್ದಕ್ಕೆ ಮತ್ತೆ ಚಳಕ್ಕೆಂದಿತು. ಇಷ್ಟು ಸಂತೋಷವಾಗಿ ಅವಳಿಗೆ ಯಾವತ್ತೂ ನೋವಾಗಿರಲಿಲ್ಲ.

ಎಲ್ದಿಯಾರ್ ಮೆಲ್ಲಗೆ ಕೆನ್ನೆ ಹಿಡಿದುಕೊಂಡ. "ತಾತ, ನಂಗೂ ಯಾಕೋ ಹಲ್ಲು ನೋಯ್ತಾ ಇದೆ."

"ಹೌದೇನೋ ಮಗನೇ? ಎಲ್ಲಿ, ಆ ಅನ್ನು" ಎನ್ನುತ್ತ ತಾತ ಇನ್ನೊಂದು ತುತ್ತು ಹಿಡಿದರು, ಮೊದಲಿನದಕ್ಕಿಂತ ದೊಡ್ಡದು.