ಬಲಬದಿಯ ಚುಕ್ಕೆಗಳು

"ನನಗೆ ಒಂದು ಹೆಸರು ಬೇಕು, ಅಷ್ಟೆ. ಪುರಾಣ ಬೇಡ," ಎಂದರು ಬೆನಿತೆಸ್.

ನೊರ್ಲಿನ್ ಮೇಜಿನ ಮೇಲೆ ಹರಡಿದ್ದ ಎರಡು ದೊಡ್ಡ ಹಾಳೆಗಳ ಅಂಚು ಫ್ಯಾನಿನ ಗಾಳಿಗೆ ಎದ್ದೆದ್ದು ಬೀಳುತ್ತಿತ್ತು. ಒಂದರ ಮೇಲೆ ಪಾನ್ಸಿತ್ ಶಾವಿಗೆಯ ತಟ್ಟೆ, ಇನ್ನೊಂದರ ಮೇಲೆ ಕೋಲಾ ಬಾಟಲಿ ಹೇರಿ ಅವಳು ಪಕ್ಕದಲ್ಲಿ ನಿಂತಿದ್ದಳು. ಬೆನಿತೆಸ್ ಮೇಯರರ ಭಾವಮೈದುನ, ಬುಲವಾನ್ ಪುರಸಭೆಯ ಬಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್. ಚೆಂಡನ್ನು ನೆಲಕ್ಕೆ ಎರಡು ಸಲ ಬಡಿದು ಗೊತ್ತಿಲ್ಲ, ಆದರೆ ತಂಡದ ಜೆರ್ಸಿ ಹಾಕಿಕೊಳ್ಳದೆ ಮನೆಯಿಂದ ಹೊರಗೆ ಬರುವ ಆಸಾಮಿಯಲ್ಲ.

ಪ್ರಾಂತ್ಯದ ಪಂದ್ಯಾವಳಿಯ ಸೆಮಿಫೈನಲ್. ಮೂರು ಪಂದ್ಯಗಳಲ್ಲಿ ಎರಡು ಗೆಲ್ಲಬೇಕು. ಸಾನ್ ಹಸಿಂತೊ ತಂಡದ ಮೇಲೆ ಮೊದಲನೆಯದನ್ನು ಬುಲವಾನ್ ತನ್ನ ಊರಿನಲ್ಲೇ ಗೆದ್ದಿತ್ತು. ಎರಡನೆಯದನ್ನು ಪ್ರಾಂತ್ಯದ ರಾಜಧಾನಿಯ ದೊಡ್ಡ ಕ್ರೀಡಾಂಗಣದಲ್ಲಿ ಮರ್ಯಾದೆ ಹೋಗುವ ಹಾಗೆ ಸೋತಿತ್ತು. ಮೂರನೆಯದು ನಾಳೆ ಸಂಜೆ, ಅಲ್ಲೇ.

"ಇಂದಾಯ್, ನೀನೇ ಹೇಳು," ಎಂದರು ಕೋಚ್ ಕ್ರಿಸಾಂತೊ ಮಗ್‌ಬನ್ವಾ. ಅವರು ಅವಳ ಅಪ್ಪ. ಮನೆಯಲ್ಲೂ ಮೈದಾನದಲ್ಲೂ ಅವಳನ್ನು ಹಾಗೇ, ಮಗಳೇ ಎಂದೇ ಕರೆಯುವುದು. "ನಾನು ಹೇಳಿದರೆ ಕೋಚ್ ಯಾರನ್ನೋ ಉಳಿಸ್ತಿದ್ದಾನೆ ಅಂತಾರೆ. ನಿನ್ನ ಹಾಳೆ ಯಾರ ಮುಲಾಜಿಗೂ ಬೀಳಲ್ಲ."

ನೊರ್ಲಿನ್ ಹಗಲು ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುತ್ತಾಳೆ. ಪಂದ್ಯವಿದ್ದಾಗ ಅಪ್ಪನ ಪಕ್ಕ ಕೂತು ಎದುರಾಳಿ ಹೊಡೆದ ಪ್ರತಿ ಚೆಂಡಿಗೂ ಹಾಳೆಯ ಮೇಲೆ ಒಂದು ಚುಕ್ಕೆ ಇಡುತ್ತಾಳೆ. ಬಿದ್ದರೆ ಕೆಂಪು, ತಪ್ಪಿದರೆ ನೀಲಿ. ರಿಂಗಿನ ಬುಡದಲ್ಲಿ ಎಷ್ಟು, ನಡುವೆ ಎಷ್ಟು, ಮೂರು ಅಂಕದ ಗೆರೆಯಾಚೆ ಎಷ್ಟು ಅಂತ ದೂರದ ಲೆಕ್ಕದಲ್ಲಿ ನೋಡಿದರೆ ನಮ್ಮ ಕೋಟೆ ಎಲ್ಲಿ ಬಿರುಕು ಬಿಟ್ಟಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ.

"ರಿಂಗಿನ ಹತ್ತಿರ ನಾವು ಚೆನ್ನಾಗಿದ್ದೀವಿ ಸರ್," ಎಂದಳು. "ನಡುವೆಯೂ ಪರವಾಗಿಲ್ಲ. ಹೊಡೆತ ಬಿದ್ದಿರೋದು ದೂರದಿಂದ. ಗೆರೆಯಿಂದ ಸ್ವಲ್ಪವೇ ಆಚೆ, ಅದರಲ್ಲೂ ಬಲಬದಿಯಿಂದ."

"ಬಲಬದಿ ಯಾರದು?"

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ತಟ್ಟೆಯ ಶಾವಿಗೆ ನೋಡುತ್ತಿದ್ದರು.

"ರೆನಾಂತೆದು. ಆದರೆ ಸರ್, ಅವರ ಪಾಲ್ಮಾರೆಸ್ ಅಲ್ಲೇ ಆಡ್ತಾನೆ. ಅವನನ್ನು ತಡೆಯೋ ಕೆಲಸ ಯಾರಿಗೆ ಕೊಟ್ಟಿದ್ರೂ..."

"ಮುಗೀತಲ್ಲ," ಎಂದು ಬೆನಿತೆಸ್ ಕುರ್ಚಿ ಹಿಂದಕ್ಕೆ ತಳ್ಳಿದರು. "ನಾಳೆ ಅವನು ಬಸ್ ಹತ್ತೋದು ಬೇಡ. ನನ್ನ ಅಣ್ಣನ ಮಗ ಬಂದಿದ್ದಾನೆ, ಆಡ್ತಾನೆ. ಆಂಬುಲೆನ್ಸ್ ಕೀ ಸೋಮವಾರ ಆಫೀಸಿಗೆ ಕೊಡೋಕೆ ಹೇಳಿ. ಇವತ್ತು ಪ್ರಾಕ್ಟೀಸ್ ಮುಗಿದ ಮೇಲೆ ನೀವೇ ತಿಳಿಸಿಬಿಡಿ ಕೋಚ್."

ಬುಲವಾನ್‌ನಲ್ಲಿ ಆಟಕ್ಕೆಂದು ಸಂಬಳವಿಲ್ಲ. ಆಡುವವನಿಗೆ ಪುರಸಭೆಯಲ್ಲಿ ಒಂದು ತಾತ್ಕಾಲಿಕ ಕೆಲಸ ಸಿಗುತ್ತದೆ. ಒಬ್ಬ ಮಾರುಕಟ್ಟೆ ಕಾಯುತ್ತಾನೆ, ಒಬ್ಬ ಊರಿಗೆ ನೀರು ಬಿಡುತ್ತಾನೆ, ರೆನಾಂತೆ ಆಂಬುಲೆನ್ಸ್ ಓಡಿಸುತ್ತಾನೆ. ತಂಡದಿಂದ ಹೆಸರು ಕಿತ್ತರೆ ಕೆಲಸವೂ ಅದರ ಬೆನ್ನಿಗೇ ಹೋಗುತ್ತದೆ. ರೆನಾಂತೆಯ ಹೆಂಡತಿಗೆ ಈಗ ಎಂಟು ತಿಂಗಳು. ನೊರ್ಲಿನ್ ಹಾಳೆ ಸುತ್ತಿದಳು. ತಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸಂಜೆ ಚಾವಣಿಯ ಅಂಗಣದಲ್ಲಿ ಹುಡುಗರೆಲ್ಲ ಸೇರಿದರು. ಅಂಗಣದ ಒಂದು ಪಕ್ಕಕ್ಕೆ ಹಬ್ಬದ ಕುಣಿತಕ್ಕೆಂದು ಕಟ್ಟಿದ ಸಿಮೆಂಟಿನ ವೇದಿಕೆ, ಇನ್ನೊಂದು ಪಕ್ಕಕ್ಕೆ ಜನ ಕೂರುವ ಮೆಟ್ಟಿಲು. ನೊರ್ಲಿನ್ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ರೆನಾಂತೆ ಶೂ ಲೇಸು ಬಿಗಿಯುತ್ತ ಪಕ್ಕಕ್ಕೇ ಬಂದು ಕೂತ.

"ಏನ್ ಮನಾಂಗ್, ಮುಖ ನೋಡಿದ್ರೆ ದೋಣಿ ಮುಳುಗಿದ ಹಾಗಿದೆ. ನನ್ನ ಕಡೆ ಎಷ್ಟು ಕೆಂಪು ಚುಕ್ಕೆ ಬಿತ್ತು? ದಡಾರ ಎದ್ದ ಮಗು ಥರ ಇರಬೇಕು."

"ಹೋಗಿ ಆಡು ತೋತೊ," ಎಂದಳು. ಅಕ್ಕ ಎಂದು ಬಾಯ್ತುಂಬ ಕರೆಯುವ ಈ ತಮ್ಮನ ಕಣ್ಣು ನೋಡಿ ಮಾತಾಡುವುದು ಅವಳಿಂದಾಗಲಿಲ್ಲ.

ಅಪ್ಪ ಸೀಟಿ ಊದಿದರು. ಬೆನಿತೆಸ್‌ರ ಅಣ್ಣನ ಮಗ ಬಲಬದಿಯಲ್ಲಿ ಚೆಂಡು ಹಿಡಿದು ಹೊಡೆಯಲು ನಿಂತ. ರೆನಾಂತೆ ರಿಂಗಿನ ಕಡೆಯಿಂದ ಓಡಿ ಬಂದು, ಶೂ ತುದಿಯನ್ನು ಗೆರೆಗೆ ತಾಗಿಸಿ ನಿಂತು ಕೈ ಎತ್ತಿದ. ಚೆಂಡು ಅವನ ಬೆರಳಿಗೆ ಬಡಿದು ಹೊರಗೆ ಹೋಯಿತು. ಮತ್ತೊಮ್ಮೆ ಹಾಗೆಯೇ. ಎಷ್ಟು ಸಲ ಓಡಿ ಬಂದರೂ ಆ ಶೂ ತುದಿ ಗೆರೆಗೆ ಅಂಟಿದಂತೆ ನಿಲ್ಲುತ್ತಿತ್ತು. ಇವನನ್ನು ತಡವಾಗಿ ಬರುವವನು ಅನ್ನುವುದು ಹೇಗೆ?

ಅವಳು ಫೋನ್ ತೆಗೆದು ರಾಜಧಾನಿಯಲ್ಲಿ ಸೋತ ಪಂದ್ಯದ ವಿಡಿಯೊ ನೋಡಿದಳು. ಅಲ್ಲೂ ಅದೇ ಓಟ, ಅದೇ ಬೀಸು, ಅದೇ ಎತ್ತಿದ ಕೈ. ಆದರೆ ಅಲ್ಲಿ ಅವನ ಶೂ ಗೆರೆಗೆ ಒಂದು ಹೆಜ್ಜೆ ಈಚೆಗೇ ನಿಂತುಬಿಟ್ಟಿತ್ತು. ಪಾಲ್ಮಾರೆಸ್ ಗೆರೆಯಾಚೆ ಆರಾಮವಾಗಿ ನಿಂತು, ಹಲ್ಲು ಬಿಟ್ಟುಕೊಂಡು ಹೊಡೆದಿದ್ದ. ಎಡಬದಿಯವನನ್ನು ನೋಡಿದಳು. ಅವನೂ ಒಂದು ಹೆಜ್ಜೆ ಈಚೆ. ನಡುವಿನವನೂ ಅಷ್ಟೆ. ಐದೂ ಜನ ಒಂದೇ ಅಳತೆಗೆ ತಪ್ಪುತ್ತಿದ್ದರು.

ನೊರ್ಲಿನ್ ಎದ್ದಳು. ಕಾವಲುಗಾರನ ಕೋಣೆಯಿಂದ ಅಳತೆ ಟೇಪು ತಂದು, ಹುಡುಗರು ನೀರಿಗೆ ಹೋದ ಹೊತ್ತು ನೋಡಿ ರಿಂಗಿನ ನೇರ ಕೆಳಗೆ ಒಂದು ತುದಿಯನ್ನು ಕಲ್ಲಿಟ್ಟು ಒತ್ತಿ, ಇನ್ನೊಂದನ್ನು ಗೆರೆಯವರೆಗೆ ಎಳೆದಳು. ಆರೂಕಾಲು ಮೀಟರ್. ಇರಬೇಕಾದದ್ದು ಆರೂಮುಕ್ಕಾಲು. ಅಚ್ಚುಕೂಟದವನು ಮಾಡಿಕೊಟ್ಟ ಹಾಳೆಯಲ್ಲಿ ಗೆರೆ ಒಂದೇ ಥರ ಇತ್ತು. ಇಲ್ಲಿ ಬಿದ್ದ ಚುಕ್ಕೆಯನ್ನೂ ಅಲ್ಲಿ ಬಿದ್ದದ್ದನ್ನೂ ಅವಳು ಅದೇ ಗೆರೆಗೆ ಹೋಲಿಸಿ ಗುರುತು ಹಾಕಿದ್ದಳು. ಇಲ್ಲಿ ಸಾನ್ ಹಸಿಂತೊದವರು ಹತ್ತಿರದ ಗೆರೆ ಕಂಡು ಆಸೆಪಟ್ಟು ಒಳಗೆ ಬಂದು ಹೊಡೆದಿದ್ದರು, ಬುಲವಾನ್ ಹುಡುಗರ ಕೈಗೆ ಸಿಕ್ಕಿಬಿದ್ದಿದ್ದರು. ಅಲ್ಲಿ ಗೆರೆ ಹಿಂದಿತ್ತು, ಅವರೂ ಹಿಂದೆ ನಿಂತರು. ಬುಲವಾನ್ ಹುಡುಗರ ಕಾಲು ಮಾತ್ರ ಊರಿನ ಗೆರೆಯಲ್ಲೇ ನಿಂತಿತ್ತು.

"ಏನು ಅಳೀತಿದ್ದೀಯ?"

ಅಪ್ಪ ಹಿಂದೆ ನಿಂತಿದ್ದರು.

"ಗೆರೆ ಗಿಡ್ಡ ಇದೆ ಅಪ್ಪಾ. ಅರ್ಧ ಮೀಟರ್."

"ಗೊತ್ತು."

ಅವಳು ಟೇಪು ಹಿಡಿದುಕೊಂಡೇ ಅಪ್ಪನ ಕಡೆ ತಿರುಗಿದಳು.

"ಗೆರೆ ಎಳೆದವನಿಗೆ ಗೊತ್ತಿರಲ್ವಾ?" ಅಪ್ಪ ಸುತ್ತ ನೋಡಿ ದನಿ ತಗ್ಗಿಸಿದರು. "ಚಾವಣಿ ಹಾಕಿದ ವರ್ಷ ಹಗ್ಗ ಹಿಡಿದು ನಾನೇ ಎಳೆದೆ. ಸರಿಯಾಗಿ ಎಳೆದಿದ್ರೆ ಆ ಮೂಲೆಯಲ್ಲಿ ಗೆರೆ ವೇದಿಕೆ ಕೆಳಗೆ ಹೋಗ್ತಿತ್ತು. ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಚಿಕ್ಕ ಹುಡುಗರು ಬಿದ್ದು ಮಂಡಿ ಒಡ್ಕೋತಿದ್ರು. ಅದಕ್ಕೇ ಒಂಚೂರು ಒಳಗೆ ತಗೊಂಡೆ. ಗೆರೆ ನೋಡಬೇಡ್ರೋ, ಆಳನ್ನು ನೋಡ್ರೋ ಅಂತ ಇವರಿಗೆ ದಿನಾ ಬಡ್ಕೊಂಡಿದ್ದೀನಿ."

"ಬಾಯಿಮಾತು ಕಿವಿಗೆ ಕೇಳುತ್ತೆ. ಕಾಲಿಗೆ ಕೇಳುತ್ತಾ? ದಿನಾ ಇಲ್ಲೇ ಓಡಿ ಇಲ್ಲೇ ನಿಂತಿದ್ದಾರೆ. ರೆನಾಂತೆ ತಪ್ಪಿಲ್ಲ ಅಪ್ಪಾ. ಬೆನಿತೆಸ್‌ಗೆ ಹೇಳಿಬಿಡಿ."

"ಏನಂತ ಹೇಳಲಿ?" ಅಪ್ಪನ ಕುತ್ತಿಗೆಯ ನರ ಉಬ್ಬಿತು. "ಆ ಮನುಷ್ಯ ನನ್ನ ಓಡಿಸೋಕೆ ಎರಡು ವರ್ಷದಿಂದ ನೆಪ ಹುಡುಕ್ತಿದ್ದಾನೆ. ನಲವತ್ತು ವರ್ಷ ಕೋಚ್ ಆದವನಿಗೆ ಗೆರೆ ಎಳೆಯೋಕೆ ಬರಲ್ಲ ಅಂತ ರಾಜಧಾನಿ ಮೀನು ಮಾರ್ಕೆಟ್‌ವರೆಗೂ ನಗ್ತಾರೆ. ಈ ಅಂಗಣ ಬಿಟ್ರೆ ನನಗೆ ಇನ್ನೇನಿದೆ ಇಂದಾಯ್? ನಿಮ್ಮಮ್ಮ ಹೋದ ಮಾರನೇ ವಾರವೇ ಇಲ್ಲಿಗೆ ಬಂದು ಸೀಟಿ ಊದಿದವನು ನಾನು. ರೆನಾಂತೆಗೆ ಇನ್ನೂ ವಯಸ್ಸಿದೆ. ಎಲ್ಲಾದರೂ ಗಾಡಿ ಓಡಿಸ್ಕೋತಾನೆ."

"ಅವನ ಹೆಂಡ್ತಿ ತುಂಬಿದ ಬಸುರಿ."

"ಅದೂ ಗೊತ್ತು."

"ಹಾಗಾದರೆ ನೀವೇ ಹೇಳಿ ಅವನಿಗೆ. ನಾನು ಇನ್ನೊಂದು ಸಲ ಅವನ ಹೆಸರು ಬಾಯಿಂದ ತೆಗೆಯಲ್ಲ," ಎಂದಳು ನೊರ್ಲಿನ್. ಅಪ್ಪನೊಂದಿಗೆ ಹಿಂದೆಂದಾದರೂ ಹೀಗೆ ಮಾತಾಡಿದ್ದು ಅವಳಿಗೆ ನೆನಪಿಲ್ಲ. 

ಅಷ್ಟರಲ್ಲಿ ರೆನಾಂತೆಯೇ ಬಂದ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಐಸ್ ನೀರು. ಅದನ್ನು ಕೋಚ್ ಕೈಗೆ ಕೊಟ್ಟು, ಟವೆಲಿನಿಂದ ಮುಖ ಒರೆಸಿಕೊಂಡು, ಹೇಳಲೋ ಬೇಡವೋ ಎಂಬಂತೆ ನಿಂತ.

"ಕೋಚ್, ಒಂದು ಮಾತು. ನಾಳೆ ನನ್ನ ಬದಲು ಬೇರೆ ಯಾರನ್ನಾದರೂ ಇಳಿಸಿ."

ಅಪ್ಪ ನೀರಿನ ಚೀಲ ಹಿಡಿದುಕೊಂಡು ಹಾಗೇ ನಿಂತರು.

"ಇಲ್ಲಿ ಎಲ್ಲ ಸರಿ ಇರುತ್ತೆ. ಅಲ್ಲಿಗೆ ಹೋದ್ರೆ ಏನಾಗುತ್ತೋ, ಓಡ್ತೀನಿ, ಆದ್ರೂ ಒಂದು ಹೆಜ್ಜೆ ಹಿಂದೆ ಬೀಳ್ತೀನಿ. ಕಾಲಿಗೆ ವಯಸ್ಸಾಯ್ತು ಅನ್ಸುತ್ತೆ. ಇಪ್ಪತ್ತೆಂಟಕ್ಕೇ ಮುದುಕ ಆಗಿಬಿಟ್ಟೆ," ಎಂದು ನಗಲು ನೋಡಿದ, ನಗು ಬರಲಿಲ್ಲ. "ನನ್ನಿಂದ ಎಲ್ಲರ ಕೆಲಸಕ್ಕೂ ಸಂಚಕಾರ ಬರೋದು ಬೇಡ. ನಿಮಗೆ ಕೆಟ್ಟ ಹೆಸರು ತಂದೆ ಕೋಚ್. ಮನಸ್ಸಿಗೆ ಹಚ್ಕೋಬೇಡಿ."

ನೊರ್ಲಿನ್ ಮುಖ ತಿರುಗಿಸಿದಳು.   ಅಪ್ಪ ನೀರಿನ ಚೀಲವನ್ನು ಮೆಟ್ಟಿಲ ಮೇಲಿಟ್ಟು ಅವಳ ಕೈಯಿಂದ ಟೇಪು ಕಿತ್ತುಕೊಂಡರು.

"ನಿನ್ನ ಕಾಲಿಗೆ ಏನೂ ಆಗಿಲ್ಲ ಕತ್ತೆ. ಬಾ ಇಲ್ಲಿ. ಈ ತುದಿಯನ್ನು ರಿಂಗಿನ ಕೆಳಗೆ ಹಿಡ್ಕೊ. ಅಲ್ಲಾಡಬೇಡ."

ಅರವತ್ತೈದು ದಾಟಿದ ಮನುಷ್ಯ ಮಂಡಿಯೂರಿ ಕೂತು ಸೀಮೆಸುಣ್ಣದಿಂದ ಹೊಸ ಗೆರೆ ಎಳೆಯಲು ಶುರುಮಾಡಿದರು. ಹುಡುಗರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಯಾರೂ ತಮಾಷೆ ಮಾಡಲಿಲ್ಲ. ಹಳೆಯ ಗೆರೆಗೂ ಹೊಸದಕ್ಕೂ ನಡುವಿನ ಜಾಗ ಅಗಲವಾಗುತ್ತ ಹೋದಂತೆ ಅವರಿಗೆ ಒಂದೊಂದಾಗಿ ಅರ್ಥವಾಗುತ್ತಿತ್ತು. ಮೂಲೆಯಲ್ಲಿ ಅಪ್ಪ ಹೇಳಿದಂತೆಯೇ ಗೆರೆ ವೇದಿಕೆಗೆ ಡಿಕ್ಕಿ ಹೊಡೆದು ನಿಂತಿತು.

ಬೆನಿತೆಸ್‌ರ ಕಾರು ಬಂದದ್ದು ಆಗಲೇ. ಕೆಲಸ ಆಯಿತೋ ಇಲ್ಲವೋ ನೋಡಲು ಬಂದಿದ್ದರು. ಆಗಿಲ್ಲ ಎಂದು ಅವರಿಗೆ ರೆನಾಂತೆಯನ್ನು ನೋಡಿದೊಡನೆ ತಿಳಿಯಿತು. "ಏನು ಕೋಚ್ ಇದು, ಮಕ್ಕಳಾಟ?" ಎಂದರು.

ಅಪ್ಪ ಎದ್ದು ನಿಲ್ಲಲು ಒಂದು ಕೈ ನೆಲಕ್ಕೂರಬೇಕಾಯಿತು. ಪ್ಯಾಂಟಿನ ಮಂಡಿಯಲ್ಲಿ ಬಿಳಿ ಪುಡಿ. ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಗೆರೆ ತಾನು ಎಳೆದದ್ದು, ಗಿಡ್ಡವಾಗಿ ಎಳೆದದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು. "ಬೇಕಾದರೆ ನನ್ನ ಹೆಸರು ತಗೊಂಡು ಹೋಗಿ. ಹುಡುಗನದು ಬಿಡಿ."

ಬೆನಿತೆಸ್ ಎರಡೂ ಗೆರೆಗಳನ್ನು ನೋಡಿದರು. ಆಡುವವರೆಲ್ಲ ಕೋಚ್ ಹಿಂದೆ ಗುಂಪುಕಟ್ಟಿದ್ದನ್ನೂ ನೋಡಿದರು. ಲೆಕ್ಕಾಚಾರದ ಮನುಷ್ಯ, ದನಿ ಏರಿಸಲಿಲ್ಲ.

"ಸರಿ. ನಾಳೆ ಇವನು ಆಡಲಿ. ನೀವು ಬೆಂಚಿನ ಮೇಲೆ ಬೇಡ ಕೋಚ್, ನಾಳೆಗೂ ಬೇಡ, ಆಮೇಲೂ ಬೇಡ. ಇವನದ್ದು ನಾಳೆ ರಾತ್ರಿ ನೋಡೋಣ. ಪಾಲ್ಮಾರೆಸ್ ಹೀಗೇ ಹೊಡೀತಾ ಹೋದ್ರೆ ಕೀ ಸೋಮವಾರ ನನ್ನ ಮೇಜಿನ ಮೇಲಿರಬೇಕು."

ಅಪ್ಪ ತಲೆಯಾಡಿಸಿದರು. ಕಾರು ಹೋದ ಮೇಲೆ ಹುಡುಗರನ್ನು ಹೊಸ ಗೆರೆಗೆ ಓಡಿಸಿದರು. ರೆನಾಂತೆಯ ಕಾಲು ಹಳೆಯದಕ್ಕೇ ಬಂದು ನಿಲ್ಲುತ್ತಿತ್ತು. ಅಪ್ಪ ಬೈಯುತ್ತಿದ್ದರು, ಅವನು ಮತ್ತೆ ಓಡುತ್ತಿದ್ದ, ಮತ್ತೆ ಅಲ್ಲೇ ನಿಲ್ಲುತ್ತಿದ್ದ. ಬೆಳಗ್ಗೆ ಬಸ್ ಹೊರಡುವ ಮುಂಚೆಯೂ ಒಂದು ಸುತ್ತು ಆಯಿತು. ಅಪ್ಪ ಆ ಬಸ್ಸು ಹತ್ತಲಿಲ್ಲ.

ರಾಜಧಾನಿಯ ಕ್ರೀಡಾಂಗಣ ಹಳದಿ ಅಂಗಿಯ ಸಾನ್ ಹಸಿಂತೊ ಜನರಿಂದ ಗಿಜಿಗುಡುತ್ತಿತ್ತು. ನೊರ್ಲಿನ್ ಪಕ್ಕದ ಕುರ್ಚಿಯಲ್ಲಿ ಇಂದು ಸಹಾಯಕ ಕೋಚ್ ಕೂತಿದ್ದ. ಅವನ ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಜೆರ್ಸಿ ಹಾಕಿದ ಬೆನಿತೆಸ್. ಅವಳು ಹೊಸ ಹಾಳೆ ಬಿಡಿಸಿ ಎರಡೂ ಪೆನ್ನುಗಳ ಮುಚ್ಚಳ ತೆಗೆದಳು.

ಮೊದಲ ಸಲ ಚೆಂಡು ಬಲಬದಿಗೆ ಬಂತು. ಪಾಲ್ಮಾರೆಸ್ ಹಿಡಿದ. ರೆನಾಂತೆ ಓಡಿ ಬಂದ, ಗೆರೆಗೆ ಒಂದು ಹೆಜ್ಜೆ ಈಚೆ ನಿಂತ. ಚೆಂಡು ರಿಂಗಿಗೆ ತಾಗದೆ ಒಳಗೆ ಇಳಿಯಿತು. ಜನ ಕೂಗಿದರು. ನೊರ್ಲಿನ್ ಕೆಂಪು ಚುಕ್ಕೆ ಇಟ್ಟಳು. ಬೆನಿತೆಸ್ ಹಿಂದಿನಿಂದ ಬಗ್ಗಿ ಆ ಚುಕ್ಕೆ ನೋಡಿದ್ದು ಅವಳ ಭುಜಕ್ಕೆ ಗೊತ್ತಾಯಿತು. ಹೋಯಿತು, ಎಲ್ಲ ಹೋಯಿತು, ಅಪ್ಪ ಸುಮ್ಮನೆ ತಲೆ ಕೊಟ್ಟರು ಅಂದುಕೊಂಡಳು.

ಸ್ವಲ್ಪ ಹೊತ್ತಿಗೆ ಮತ್ತೆ ಪಾಲ್ಮಾರೆಸ್ ಕೈಗೇ ಬಂತು, ಅದೇ ಜಾಗದಲ್ಲಿ. ರೆನಾಂತೆ ಓಡಿದ. ಹಳೆಯ ಜಾಗದಲ್ಲಿ ಅವನ ಕಾಲು ಒಂದು ಕ್ಷಣ ತಡೆದಂತಾಯಿತು, ಆಮೇಲೆ ಇನ್ನೊಂದು ಹೆಜ್ಜೆ ಹೋಯಿತು. ಶೂ ಗೆರೆ ತುಳಿಯಿತು. ಎತ್ತಿದ ಕೈ ಪಾಲ್ಮಾರೆಸ್‌ನ ಮೂಗಿನ ನೇರಕ್ಕೆ ಬಂತು. ಅವನು ಹೊಡೆಯಲು ಎತ್ತಿದ್ದ ಚೆಂಡನ್ನು ಇಳಿಸಿದ, ಅತ್ತಿತ್ತ ನೋಡಿದ, ಬೇರೆಯವನಿಗೆ ದಾಟಿಸಿದ.

ಹೊಡೆಯದ ಚೆಂಡಿಗೆ ಯಾವ ಬಣ್ಣದ ಚುಕ್ಕೆಯೂ ಇಲ್ಲ. ನೊರ್ಲಿನ್ ಪೆನ್ನು ಎತ್ತಿ ಹಿಡಿದುಕೊಂಡೇ ತಲೆಯೆತ್ತಿದಳು. ಎದುರಿನ ಮೇಲಿನ ಸಾಲಿನಲ್ಲಿ, ಹಳದಿ ಅಂಗಿಗಳ ನಡುವೆ, ಟಿಕೆಟ್ ಕೊಂಡು ಬಂದ ಅಪ್ಪ ಎದ್ದು ನಿಂತಿದ್ದರು. ಅವರ ಬಲಗಾಲು ಒಂದು ಹೆಜ್ಜೆ ಮುಂದೆ ಹೋಗಿ ಮುಂದಿನ ಸಾಲಿನವನ ಕಡಲೆಕಾಯಿ ಪೊಟ್ಟಣವನ್ನು ತುಳಿದಿತ್ತು. ಆ ಮನುಷ್ಯ ತಿರುಗಿ ಬೈಯುತ್ತಿದ್ದ. ಅಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ, ಅವರು ಕಾಲು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.